ರೇಸಾ, ರಿಯಾಲಿಟಿ ಶೋನಾ? ಸೌಕಾರ್‌ಪೇಟೆಯ ಎಫ್1 ಅಭಿಮಾನಿಯ ಏಳು ಮಾತುಗಳು, ಅದರ ಹಿಂದಿನ ಅಸಲಿ ಕಥೆ

ಚೆನ್ನೈ: ಟಿವಿ ಮುಂದೆ ಕೂತವರೆಲ್ಲ ತಜ್ಞರೇ! ಬಿಗ್ ಬಾಸ್ ಮನೆಯಿಂದ ಈ ವಾರ ಯಾರು ಹೊರಬರಬೇಕಿತ್ತು ಎಂಬುದರಿಂದ ಹಿಡಿದು, ಮೊನಾಕೊ ರೇಸ್‌ನಲ್ಲಿ ಟೈರ್ ಯಾವಾಗ ಬದಲಿಸಬೇಕಿತ್ತು ಎಂಬುದರವರೆಗೆ ಎಲ್ಲದಕ್ಕೂ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಭಿಪ್ರಾಯ ನಮ್ಮದೋ ಅಥವಾ ಪರದೆ ನಮಗೆ ಕೊಟ್ಟಿದ್ದೋ?

ಈ ಪ್ರಶ್ನೆ ಕೇಳುವುದಕ್ಕೆ ಚೆನ್ನೈನ ಸೌಕಾರ್‌ಪೇಟೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಮಿಂಟ್ ಸ್ಟ್ರೀಟ್, ಕಾಶಿ ಚೆಟ್ಟಿ ಸ್ಟ್ರೀಟ್, ಎನ್‌ಎಸ್‌ಸಿ ಬೋಸ್ ರಸ್ತೆಗಳ ಸುತ್ತ ಹಬ್ಬಿರುವ ಈ ಪೇಟೆ, ಹೆಸರೇ ಹೇಳುವಂತೆ ಸಾಹುಕಾರರ ಪೇಟೆ. ಬೆಂಗಳೂರಿಗರು ಚಿಕ್ಕಪೇಟೆಯನ್ನು ನೆನಪಿಸಿಕೊಂಡರೆ ಸಾಕು, ಚಿತ್ರ ಕಣ್ಣಿಗೆ ಬರುತ್ತದೆ. ಮಾರವಾಡಿ, ಗುಜರಾತಿ, ತೆಲುಗು, ತಮಿಳು ಎಲ್ಲವೂ ಒಂದೇ ಗಲ್ಲಿಯಲ್ಲಿ ಕೇಳಿಸುವ ಜಾಗ ಇದು. ಹಾಗಾಗಿ ಮನೆಮನೆಯ ಟಿವಿಯಲ್ಲಿ ಹಿಂದಿ ಧಾರಾವಾಹಿಯೂ ಉಂಟು, ತಮಿಳು ರಿಯಾಲಿಟಿ ಶೋ ಕೂಡ ಉಂಟು.

ಇಲ್ಲಿನ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ವಾಸಿಸುವ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಅಮ್ಮನ ಜೊತೆ ಸೀರಿಯಲ್ ನೋಡುತ್ತಾನೆ, ತಂಗಿಯ ಜೊತೆ ಬಿಗ್ ಬಾಸ್ ನೋಡುತ್ತಾನೆ, ಭಾನುವಾರ ಸಂಜೆ ಮೊಬೈಲ್‌ನಲ್ಲಿ ಫಾರ್ಮುಲಾ 1 ನೋಡುತ್ತಾನೆ. ಮೂರರ ಬಗ್ಗೆಯೂ ಒಂದೇ ಧಾಟಿಯಲ್ಲಿ ಮಾತಾಡುತ್ತಾನೆ. ಇಂಥ ಅಭಿಮಾನಿಗಳು ಚೆನ್ನೈನಲ್ಲಿದ್ದಂತೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇದ್ದಾರೆ. ಬನ್ನಿ, ಅವರು ಸಾಮಾನ್ಯವಾಗಿ ಹೇಳುವ ಏಳು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮನೆ ಪಕ್ಕದಲ್ಲೇ ರೇಸ್ ಟ್ರ್ಯಾಕ್!

ಅದಕ್ಕೂ ಮೊದಲು ಒಂದು ವಿಷಯ. ಸೌಕಾರ್‌ಪೇಟೆಯ ಅಭಿಮಾನಿ ಭಾರತದ ಮೋಟಾರ್ ರೇಸಿಂಗ್‌ನ ತವರಿನಲ್ಲೇ ಕೂತಿದ್ದಾನೆ. ಚೆನ್ನೈನ ಉತ್ತರಕ್ಕೆ, ಕೋಲ್ಕತ್ತಾ ಹೆದ್ದಾರಿಯ ಬದಿಯಲ್ಲಿ ಷೋಲಾವರಂ ಇದೆ. ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ಮುಂದೆ ಫೋರ್ಸ್ ಇಂಡಿಯಾ ಎಂಬ ಎಫ್1 ತಂಡ ಕಟ್ಟಿದ ವಿಜಯ್ ಮಲ್ಯ ಕೂಡ ಷೋಲಾವರಂನಲ್ಲಿ ಕಾರು ಓಡಿಸಿದವರೇ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಯಾರ ಹೆಸರಿನಲ್ಲಿದೆಯೋ ಆ ಕರಿವರ್ಧನ್ ಕೂಡ ಅಲ್ಲಿ ಹೆಸರು ಮಾಡಿದವರು.

ನಂತರ ಇದೇ ಕ್ಲಬ್ ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀಪೆರಂಬುದೂರಿನ ಹತ್ತಿರ ಇರುಂಗಟ್ಟುಕೊಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿತು. ಸುಮಾರು 3.7 ಕಿ.ಮೀ ಉದ್ದದ ಈ ಟ್ರ್ಯಾಕ್ ಚೆನ್ನೈ ನಗರದಿಂದ ಸುಮಾರು 40 ಕಿ.ಮೀ ದೂರದಲ್ಲಿದೆ. ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಕಚೇರಿ ಇರುವುದೂ ಚೆನ್ನೈನಲ್ಲೇ. ದೇಶದ ಎಷ್ಟೋ ಯುವ ರೇಸರ್‌ಗಳಿಗೆ ಟೈರು, ಕಾರು, ಸ್ಪರ್ಧೆ ಒದಗಿಸಿದ ಎಂಆರ್‌ಎಫ್ ಕಂಪನಿ 1946ರಲ್ಲಿ ಬಲೂನು ತಯಾರಿಸುವ ಪುಟ್ಟ ಘಟಕವಾಗಿ ಶುರುವಾಗಿದ್ದು ಉತ್ತರ ಚೆನ್ನೈನ ತಿರುವೊಟ್ರಿಯೂರಿನಲ್ಲಿ.

ಹೀಗಿದ್ದರೂ ಸೌಕಾರ್‌ಪೇಟೆಯ ಅಭಿಮಾನಿಗೆ ಮೊನಾಕೊದ ತಿರುವುಗಳು ಬಾಯಿಪಾಠ, ಇರುಂಗಟ್ಟುಕೊಟ್ಟೈನ ಒಂದು ತಿರುವೂ ಗೊತ್ತಿಲ್ಲ. ಕಾರಣ ಸರಳ. ಮೊನಾಕೊ ಪರದೆಯ ಮೇಲೆ ಬರುತ್ತದೆ, ಇರುಂಗಟ್ಟುಕೊಟ್ಟೈ ಬರುವುದು ಅಪರೂಪ.

ಮಾತು 1: 'ಮೊದಲು ಟಿವಿ ಹಾಕಿದರೆ ಬರುತ್ತಿತ್ತು, ಈಗ ಎಲ್ಲದಕ್ಕೂ ದುಡ್ಡು'

ಇದು ಬಹುಮಟ್ಟಿಗೆ ನಿಜ. ಹಲವು ವರ್ಷ ಭಾರತದಲ್ಲಿ ಎಫ್1 ಅಂದರೆ ಸ್ಟಾರ್ ಸ್ಪೋರ್ಟ್ಸ್ ವಾಹಿನಿ. ಕಾಮೆಂಟೇಟರ್ ಸ್ಟೀವ್ ಸ್ಲೇಟರ್ ಧ್ವನಿ ಕೇಳಿ ಬೆಳೆದ ತಲೆಮಾರೇ ಇದೆ. 2022ರ ಸೀಸನ್ ಮುಗಿಯುತ್ತಿದ್ದಂತೆ ಆ ಒಪ್ಪಂದವೂ ಮುಗಿಯಿತು. 2023ರಲ್ಲಿ ಯಾವ ಟಿವಿ ವಾಹಿನಿಯೂ ರೇಸ್ ತೋರಿಸಲಿಲ್ಲ. ಎಫ್1 ಸಂಸ್ಥೆಯ ಸ್ವಂತ ಆ್ಯಪ್‌ಗೆ ಚಂದಾ ಕಟ್ಟಬೇಕಾಯಿತು. 2024ರಿಂದ ಫ್ಯಾನ್‌ಕೋಡ್ ಆ್ಯಪ್ ಪ್ರಸಾರದ ಹಕ್ಕು ಪಡೆಯಿತು.

ಆದರೆ 'ಮೊದಲು ಪುಕ್ಕಟೆ ಇತ್ತು' ಎಂಬ ನೆನಪು ಮಾತ್ರ ಪೂರ್ತಿ ಸರಿಯಲ್ಲ. ಚೆನ್ನೈ ಜನರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಯಾಕೆಂದರೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡುವ 'ಕ್ಯಾಸ್' ವ್ಯವಸ್ಥೆ ದೇಶದಲ್ಲಿ ಮೊದಲು ಪೂರ್ಣವಾಗಿ ಜಾರಿಯಾಗಿದ್ದು ಇದೇ ಊರಿನಲ್ಲಿ, 2003ರ ಸೆಪ್ಟೆಂಬರ್ 1ರಂದು. ಉಚಿತ ವಾಹಿನಿಗಳು ಬಾಕ್ಸ್ ಇಲ್ಲದೆಯೂ ಬರುತ್ತಿದ್ದವು. ಪಾವತಿ ವಾಹಿನಿ ಬೇಕೆಂದರೆ ಮಾತ್ರ ಬಾಕ್ಸ್ ಬೇಕಿತ್ತು. ಹಿಂದಿ ಧಾರಾವಾಹಿಯ ದೊಡ್ಡ ವಾಹಿನಿಗಳು, ಕ್ರೀಡಾ ವಾಹಿನಿಗಳು ಎರಡೂ ಪಾವತಿ ಪಟ್ಟಿಯಲ್ಲೇ ಇದ್ದವು. ಅಂದರೆ ಅಮ್ಮನ ಸೀರಿಯಲ್‌ಗೂ ಮಗನ ರೇಸ್‌ಗೂ ಒಂದೇ ಬಾಕ್ಸು, ಒಂದೇ ಬಿಲ್ಲು!

ಆಗ ಒಂದು ಅನುಕೂಲ ಇತ್ತು. ಸೀರಿಯಲ್‌ಗಾಗಿ ತಂದ ಬಾಕ್ಸ್‌ನಲ್ಲಿ ರೇಸ್ ಕೂಡ ಸಿಗುತ್ತಿತ್ತು. ಚಾನೆಲ್ ಬದಲಿಸುವಾಗ ಯಾರೋ ಆಕಸ್ಮಿಕವಾಗಿ ರೇಸ್ ನೋಡಿ ಅಭಿಮಾನಿ ಆಗುತ್ತಿದ್ದರು. ಇಂದು ರೇಸ್‌ಗೆಂದೇ ಆ್ಯಪ್ ಇಳಿಸಿಕೊಳ್ಳಬೇಕು. ಆಗಲೇ ಆಸಕ್ತಿ ಇದ್ದವರು ಮಾತ್ರ ದುಡ್ಡು ಕೊಡುತ್ತಾರೆ. ಹಾಗಾದರೆ ಹೊಸ ಅಭಿಮಾನಿ ಎಲ್ಲಿಂದ ಬರಬೇಕು? ಉತ್ತರ ಎರಡನೇ ಮಾತಿನಲ್ಲಿದೆ.

ಮಾತು 2: 'ಡ್ರೈವ್ ಟು ಸರ್ವೈವ್ ಪೂರ್ತಿ ನಾಟಕ'

ಹೌದು, ಹೊಸ ಅಭಿಮಾನಿಗಳನ್ನು ತಂದಿದ್ದು ರೇಸ್ ಅಲ್ಲ, ರೇಸ್ ಬಗ್ಗೆ ಮಾಡಿದ ಶೋ. ಅಮೆರಿಕದ ಲಿಬರ್ಟಿ ಮೀಡಿಯಾ ಸಂಸ್ಥೆ 2017ರ ಜನವರಿಯಲ್ಲಿ ಎಫ್1 ಖರೀದಿಯನ್ನು ಪೂರ್ಣಗೊಳಿಸಿತು. ಅದಾದ ಎರಡು ವರ್ಷಕ್ಕೆ, 2019ರ ಮಾರ್ಚ್ 8ರಂದು, ನೆಟ್‌ಫ್ಲಿಕ್ಸ್‌ನಲ್ಲಿ 'ಡ್ರೈವ್ ಟು ಸರ್ವೈವ್' ಮೊದಲ ಸೀಸನ್ ಬಂತು.

ಇಲ್ಲೊಂದು ಸ್ವಾರಸ್ಯ ಇದೆ. ಮೊದಲ ಸೀಸನ್‌ಗೆ ಮರ್ಸಿಡಿಸ್ ಮತ್ತು ಫೆರಾರಿ ತಂಡಗಳು ಒಪ್ಪಿರಲಿಲ್ಲ. ಗೆಲ್ಲುವವರೇ ಕ್ಯಾಮೆರಾಗೆ ಸಿಗದ ಕಾರಣ, ಶೋ ಮಾಡುವವರು ಹಿಂದಿನ ಸಾಲಿನ ತಂಡಗಳ ಕಡೆ ತಿರುಗಬೇಕಾಯಿತು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಚಾಲಕ, ಸಿಡುಕುವ ತಂಡದ ಮುಖ್ಯಸ್ಥ, ಒಂದೇ ತಂಡದೊಳಗಿನ ಮುನಿಸು. ಇದು ನಮ್ಮ ಧಾರಾವಾಹಿಗಳ ಲೆಕ್ಕವೇ ಅಲ್ಲವೇ? ಮನೆ ಒಂದೇ, ಜಗಳ ನೂರು!

ಆದರೆ 'ಪೂರ್ತಿ ನಾಟಕ' ಎನ್ನಲಾಗದು. ಫಲಿತಾಂಶ ನಿಜ, ಅಪಘಾತ ನಿಜ. ಬದಲಾಗುವುದು ಜೋಡಣೆ. ಒಂದು ದಿನ ಆಡಿದ ಮಾತನ್ನು ಬೇರೆ ದಿನದ ದೃಶ್ಯಕ್ಕೆ ಅಂಟಿಸಿದರೆ ಅರ್ಥವೇ ಬೇರೆಯಾಗುತ್ತದೆ. ಇಬ್ಬರು ಚಾಲಕರ ನಡುವೆ ಇಲ್ಲದ ವೈರವನ್ನು ಸಂಕಲನದ ಮೇಜಿನಲ್ಲಿ ಹುಟ್ಟಿಸಬಹುದು. ಮ್ಯಾಕ್ಸ್ ವರ್ಸ್ಟಾಪನ್ 2021ರಲ್ಲಿ ಇದನ್ನೇ ದೂರಿದರು. ಶೋನಲ್ಲಿ ಕೆಲವು ಪೈಪೋಟಿಗಳನ್ನು ಕೃತಕವಾಗಿ ತೋರಿಸಲಾಗಿದೆ ಎಂದು ಹೇಳಿ ಸಂದರ್ಶನ ಕೊಡುವುದನ್ನೇ ನಿಲ್ಲಿಸಿದರು. ನಂತರ 2023ರಲ್ಲಿ ಬಂದ ಐದನೇ ಸೀಸನ್‌ಗೆ ಮರಳಿದರು.

ಮಾತು 3: 'ಅದಕ್ಕೇ ನಾನು ಲೈವ್ ರೇಸ್ ಮಾತ್ರ ನಂಬುತ್ತೇನೆ'

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಗ್ ಬಾಸ್ ಮನೆಯಲ್ಲಿ ದಿನದ 24 ಗಂಟೆ ಕ್ಯಾಮೆರಾ ಓಡುತ್ತದೆ. ನಮಗೆ ಕಾಣುವುದು ಒಂದೂವರೆ ಗಂಟೆ. ಉಳಿದಿದ್ದನ್ನು ಯಾರೋ ಕತ್ತರಿಸಿದ್ದಾರೆ ಎಂಬುದು ನಮಗೆಲ್ಲ ಗೊತ್ತು. 'ಎಡಿಟಿಂಗ್‌ನಲ್ಲಿ ಅವನನ್ನು ವಿಲನ್ ಮಾಡಿದರು' ಎಂದು ಮನೆಮಂದಿ ಸಲೀಸಾಗಿ ಹೇಳುತ್ತಾರೆ.

ಲೈವ್ ರೇಸ್‌ನಲ್ಲೂ ಆಯ್ಕೆ ಇದೆ, ಅದು ನಮಗೆ ಕಾಣಿಸುವುದಿಲ್ಲ ಅಷ್ಟೇ. ಒಂದು ಗ್ರ್ಯಾನ್ ಪ್ರಿ ಸುಮಾರು 305 ಕಿ.ಮೀ ಓಟ. ಅದಕ್ಕೆ ಎರಡು ಗಂಟೆಯ ಮಿತಿ ಇದೆ. 2025ರವರೆಗೆ ಕಣದಲ್ಲಿ ಇದ್ದಿದ್ದು 20 ಕಾರು. ಟ್ರ್ಯಾಕ್ ಸುತ್ತ, ಪ್ರತಿ ಕಾರಿನ ಮೇಲೆ, ಹೆಲಿಕಾಪ್ಟರ್‌ನಲ್ಲಿ ಕ್ಯಾಮೆರಾಗಳಿವೆ. ಆದರೆ ಪರದೆ ಒಂದೇ. ಈ ಕ್ಷಣ ಯಾವ ಕಾರು ತೋರಿಸಬೇಕು ಎಂದು ನಿರ್ಧರಿಸುವುದು ನಿರ್ದೇಶಕ. ಅದೇ ಚಿತ್ರ ಇಡೀ ಜಗತ್ತಿಗೆ ಹೋಗುತ್ತದೆ.

ಚಾಲಕ ಮತ್ತು ತಂಡದ ನಡುವಿನ ರೇಡಿಯೋ ಮಾತು ಇನ್ನೂ ಒಳ್ಳೆಯ ಉದಾಹರಣೆ. ಎಲ್ಲ ಚಾಲಕರೂ ಮಾತಾಡುತ್ತಿರುತ್ತಾರೆ. ಹೆಚ್ಚಿನದು ಟೈರಿನ ಬಿಸಿ, ಇಂಧನ, ಅಂತರದ ಲೆಕ್ಕ. ನಮಗೆ ಕೇಳಿಸುವುದು ಅದರಲ್ಲಿ ಆರಿಸಿದ ಕೆಲವೇ ತುಣುಕು, ಅದೂ ಸ್ವಲ್ಪ ತಡವಾಗಿ. ಕೂಗಾಡಿದ ಚಾಲಕನ ತುಣುಕು ಆಯ್ಕೆಯಾಗುತ್ತದೆ, ಶಾಂತವಾಗಿದ್ದವನದು ಉಳಿದುಹೋಗುತ್ತದೆ. ಹೀಗೆ 'ಇವನು ಗೊಣಗುತ್ತಾನೆ, ಅವನು ಸೌಮ್ಯ' ಎಂಬ ಅಭಿಪ್ರಾಯ ಹುಟ್ಟುತ್ತದೆ.

ಇದು ಮೋಸವಲ್ಲ. 20 ಕಾರನ್ನು ಒಂದು ಪರದೆಯಲ್ಲಿ ತೋರಿಸಲು ಬೇರೆ ದಾರಿಯೂ ಇಲ್ಲ. ಆದರೆ ಹತ್ತನೇ ಸ್ಥಾನಕ್ಕಾಗಿ ನಡೆದ ಅದ್ಭುತ ಕಾದಾಟ ಪರದೆಗೆ ಬರಲೇ ಇಲ್ಲವೆಂದರೆ, ಅಭಿಮಾನಿಯ ಪಾಲಿಗೆ ಅದು ನಡೆದೇ ಇಲ್ಲ.

ಮಾತು 4: '2021ರಲ್ಲಿ ಕಪ್ ಕಿತ್ತುಕೊಂಡರು'

ಎಫ್1 ಅಭಿಮಾನಿಗಳು ಇಬ್ಬರು ಸೇರಿದರೆ ಈ ಮಾತು ಬರದೆ ಇರುವುದಿಲ್ಲ. ಆಗ ನಡೆದಿದ್ದೇನು? 2021ರ ಡಿಸೆಂಬರ್ 12, ಅಬುಧಾಬಿ. ಲೂಯಿಸ್ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ಇಬ್ಬರ ಅಂಕವೂ 369.5. ಯಾವ ಸೀರಿಯಲ್ ಬರಹಗಾರರೂ ಇಂಥ ಕೊನೆಯ ಕಂತು ಬರೆಯಲು ಹಿಂಜರಿಯುತ್ತಾರೆ!

58 ಸುತ್ತಿನ ರೇಸ್‌ನಲ್ಲಿ ಹ್ಯಾಮಿಲ್ಟನ್ ಮುಂದಿದ್ದರು. 53ನೇ ಸುತ್ತಿನಲ್ಲಿ ನಿಕೋಲಸ್ ಲಟಿಫಿ ಕಾರು ಗೋಡೆಗೆ ಬಡಿಯಿತು. ಟ್ರ್ಯಾಕ್ ಸ್ವಚ್ಛ ಮಾಡಲು ಸೇಫ್ಟಿ ಕಾರ್ ಬಂತು. ಇದು ಬಂದರೆ ಎಲ್ಲರೂ ನಿಧಾನವಾಗಿ ಅದರ ಹಿಂದೆ ಸಾಲಾಗಿ ಹೋಗಬೇಕು, ಮುಂದಿದ್ದವನ ಅಂತರ ಕರಗಿಹೋಗುತ್ತದೆ. ಈ ಅವಕಾಶದಲ್ಲಿ ವರ್ಸ್ಟಾಪನ್ ಹೊಸ ಮೃದು ಟೈರ್ ಹಾಕಿಸಿಕೊಂಡರು. ಹ್ಯಾಮಿಲ್ಟನ್ ಹಳೆಯ ಗಟ್ಟಿ ಟೈರ್‌ನಲ್ಲೇ ಉಳಿದರು.

ಇಬ್ಬರ ನಡುವೆ ಒಂದು ಸುತ್ತು ಹಿಂದುಳಿದ ಐದು ಕಾರುಗಳಿದ್ದವು. ಒಟ್ಟು ಅಂಥ ಎಂಟು ಕಾರು ಟ್ರ್ಯಾಕ್‌ನಲ್ಲಿದ್ದವು. ರೇಸ್ ನಿರ್ದೇಶಕ ಮೈಕಲ್ ಮಾಸಿ ಆ ಐದಕ್ಕೆ ಮಾತ್ರ ಮುಂದೆ ಹೋಗಲು ಬಿಟ್ಟು, ಕೊನೆಯ ಒಂದು ಸುತ್ತಿಗೆ ರೇಸ್ ಮತ್ತೆ ಶುರು ಮಾಡಿದರು. ವರ್ಸ್ಟಾಪನ್ ಮುನ್ನುಗ್ಗಿ ಚಾಂಪಿಯನ್ ಆದರು.

ವಿಶ್ವ ಮೋಟಾರ್ ಕ್ರೀಡಾ ಒಕ್ಕೂಟ 2022ರ ಮಾರ್ಚ್‌ನಲ್ಲಿ ತನಿಖಾ ವರದಿ ಕೊಟ್ಟಿತು. ಪ್ರಕ್ರಿಯೆಯಲ್ಲಿ ಮಾನವ ದೋಷ ಆಗಿದೆ, ಆದರೆ ನಿರ್ದೇಶಕರು ಸದುದ್ದೇಶದಿಂದಲೇ ನಡೆದುಕೊಂಡರು, ಫಲಿತಾಂಶ ಬದಲಾಗದು ಎಂಬುದು ಅದರ ಸಾರಾಂಶ. ಅಷ್ಟರಲ್ಲಾಗಲೇ ಮಾಸಿ ಅವರನ್ನು ಆ ಹುದ್ದೆಯಿಂದ ಬದಲಿಸಲಾಗಿತ್ತು.

ಅಂದರೆ ಅಭಿಮಾನಿಯ ಸಿಟ್ಟಿಗೆ ಆಧಾರ ಇದೆ, 'ಮೊದಲೇ ಬರೆದ ಸ್ಕ್ರಿಪ್ಟ್' ಎಂಬ ಆರೋಪಕ್ಕೆ ಇಲ್ಲ. ತೀರ್ಪುಗಾರನ ತಪ್ಪಿಗೂ ಮೊದಲೇ ಬರೆದ ಕಥೆಗೂ ದೊಡ್ಡ ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಅಂಪೈರ್ ತಪ್ಪು ಎಲ್‌ಬಿ ಕೊಟ್ಟರೆ ಪಂದ್ಯವೇ ಫಿಕ್ಸ್ ಎನ್ನುತ್ತೇವೆಯೇ?

ಮಾತು 5: 'ಒಳ್ಳೆ ಕಾರು ಕೊಟ್ಟರೆ ಯಾರು ಬೇಕಾದರೂ ಗೆಲ್ಲುತ್ತಾರೆ'

ಅರ್ಧ ಸತ್ಯ. 2023ರ ಲೆಕ್ಕ ನೋಡಿ. ಆ ವರ್ಷದ 22 ರೇಸ್‌ಗಳಲ್ಲಿ ರೆಡ್ ಬುಲ್ ತಂಡ 21 ಗೆದ್ದಿತು. ಕಾರು ಅಷ್ಟು ಬಲಿಷ್ಠ ಎಂಬುದರಲ್ಲಿ ಅನುಮಾನ ಇಲ್ಲ. ಆದರೆ ಆ 21ರಲ್ಲಿ 19 ಗೆಲುವು ವರ್ಸ್ಟಾಪನ್ ಅವರದು. ಅದೇ ಕಾರು ಓಡಿಸಿದ ಸರ್ಜಿಯೊ ಪೆರೆಜ್ ಗೆದ್ದಿದ್ದು ಎರಡೇ. ಅಂಕಗಳಲ್ಲಿ 575ಕ್ಕೆ 285. ಕಾರು ಮುಂದಿನ ಸಾಲಿಗೆ ಕರೆದೊಯ್ಯುತ್ತದೆ, ಅಲ್ಲಿಂದ ಮುಂದೆ ಚಾಲಕನೇ ಹೋಗಬೇಕು.

ಇದಕ್ಕೆ ನಮ್ಮದೇ ಉದಾಹರಣೆ ಕೂಡ ಇದೆ. ಮಲ್ಯ ಅವರ ಫೋರ್ಸ್ ಇಂಡಿಯಾ 2008ರಲ್ಲಿ ಕಣಕ್ಕಿಳಿದಾಗ ಕೊನೆಯ ಸಾಲಿನ ತಂಡ. 2009ರ ಬೆಲ್ಜಿಯಂ ರೇಸ್‌ನಲ್ಲಿ ಆ ಕಾರಿನ ವಿನ್ಯಾಸ ವೇಗದ ಸ್ಪಾ ಟ್ರ್ಯಾಕ್‌ಗೆ ಸರಿಯಾಗಿ ಹೊಂದಿಕೊಂಡಿತು. ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮೊದಲ ಸ್ಥಾನದಿಂದ ಓಟ ಆರಂಭಿಸಿ ಎರಡನೆಯವರಾಗಿ ಮುಗಿಸಿದರು. ಅದೇ ತಂಡ 2018ರಲ್ಲಿ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿ ಕೈ ಬದಲಾಯಿತು. ಈಗ ಅದರ ಹೆಸರು ಆಸ್ಟನ್ ಮಾರ್ಟಿನ್. ಅಭಿಮಾನಿಯ ಮಾತಿಗೆ ಒಂದು ತಿದ್ದುಪಡಿ ಬೇಕು: ಕಾರು ಬೇಕು, ಚಾಲಕ ಬೇಕು, ಇಬ್ಬರನ್ನೂ ವರ್ಷಗಟ್ಟಲೆ ಸಾಕುವ ದುಡ್ಡೂ ಬೇಕು.

ಮಾತು 6: 'ನಮ್ಮವರು ಎಫ್1ನಲ್ಲಿ ಏನು ಸಾಧಿಸಿದರು?'

ನಾರಾಯಣ್ ಕಾರ್ತಿಕೇಯನ್ ಬಗ್ಗೆ ಒಂದು ಹಳೆಯ ಜೋಕ್ ಇದೆ, 'ಆರು ಕಾರಿನ ರೇಸ್‌ನಲ್ಲಿ ನಾಲ್ಕನೇ ಸ್ಥಾನ' ಎಂದು. 2005ರ ಜೂನ್ 19ರ ಇಂಡಿಯಾನಾಪೊಲಿಸ್ ರೇಸ್ ಅದು. ಸುರಕ್ಷತೆಯ ಕಾರಣಕ್ಕೆ ಮಿಷೆಲಿನ್ ಟೈರ್ ಬಳಸುತ್ತಿದ್ದ 14 ಕಾರುಗಳು ರೇಸ್ ಶುರುವಾಗುವ ಮುನ್ನವೇ ಹಿಂದೆ ಸರಿದವು. ಬ್ರಿಜ್‌ಸ್ಟೋನ್ ಟೈರ್‌ನ ಆರು ಕಾರು ಮಾತ್ರ ಓಡಿದವು. ನಾರಾಯಣ್ ನಾಲ್ಕನೆಯವರಾಗಿ ಐದು ಅಂಕ ಪಡೆದರು.

ಜೋಕ್ ಸರಿ. ಆದರೆ ಆ ವರ್ಷ ಜಗತ್ತಿನಲ್ಲಿ ಎಫ್1 ಸೀಟು ಇದ್ದಿದ್ದೇ 20. ಅದರಲ್ಲಿ ಒಂದು ಕೊಯಮತ್ತೂರಿನ ಹುಡುಗನಿಗೆ ಸಿಕ್ಕಿತ್ತು, ಅದೂ ಹಿಂದೆ ಯಾವ ಭಾರತೀಯನೂ ನಡೆಯದ ದಾರಿಯಲ್ಲಿ.

ಎರಡನೆಯವರು ಚೆನ್ನೈನವರೇ ಆದ ಕರುಣ್ ಚಾಂದೋಕ್. 2010ರಲ್ಲಿ ಎಚ್‌ಆರ್‌ಟಿ ತಂಡದ ಮೂಲಕ ಬಹ್ರೇನ್‌ನಲ್ಲಿ ಪಾದಾರ್ಪಣೆ ಮಾಡಿದರು. ಆ ತಂಡದ ಸ್ಥಿತಿ ಹೇಗಿತ್ತು ಎಂದರೆ, ಕಾರು ಜೋಡಿಸುವುದೇ ತಡವಾಗಿ, ಕರುಣ್ ಮೊದಲ ಬಾರಿಗೆ ಅದನ್ನು ಓಡಿಸಿದ್ದು ನೇರವಾಗಿ ಅರ್ಹತಾ ಸುತ್ತಿನಲ್ಲಿ! ಇಂದು ಅದೇ ಕರುಣ್ ಬ್ರಿಟನ್‌ನ ಸ್ಕೈ ಸ್ಪೋರ್ಟ್ಸ್ ವಾಹಿನಿಯಲ್ಲಿ ರೇಸ್ ವಿಶ್ಲೇಷಣೆ ಮಾಡುತ್ತಾರೆ. ಚೆನ್ನೈ ಹುಡುಗ ಕಾರಿನಿಂದ ಇಳಿದು ಟಿವಿಗೆ ಹೋಗಿ ಇನ್ನಷ್ಟು ಪರಿಚಿತರಾದರು.

ಇನ್ನು ಕನ್ನಡಿಗರು ಗಮನಿಸಬೇಕಾದ ಹೆಸರು ಬೆಂಗಳೂರಿನ ಕುಶ್ ಮೈನಿ. ಎಫ್1ಗೆ ಒಂದು ಮೆಟ್ಟಿಲು ಕೆಳಗಿನ ಎಫ್2ನಲ್ಲಿ ಓಡಿಸುತ್ತಾ, 2025ರ ಮೇ 24ರಂದು ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದರು. ಮೊನಾಕೊದಲ್ಲಿ ಎಫ್2 ರೇಸ್ ಗೆದ್ದ ಮೊದಲ ಭಾರತೀಯ ಅವರು. ಆದರೆ ಎಫ್1 ಪ್ರವೇಶಕ್ಕೆ ಗೆಲುವೊಂದೇ ಸಾಲದು. 'ಸೂಪರ್ ಲೈಸೆನ್ಸ್' ಬೇಕು. ಅದಕ್ಕೆ ಮೂರು ಸೀಸನ್‌ಗಳಲ್ಲಿ ಒಟ್ಟು 40 ಅಂಕ ಗಳಿಸಬೇಕು. ಎಫ್2 ಚಾಂಪಿಯನ್‌ಗೆ ಒಂದೇ ಏಟಿಗೆ 40 ಸಿಗುತ್ತದೆ, ಕೆಳಗಿನ ಸ್ಥಾನಕ್ಕೆ ಹೋದಂತೆ ಅಂಕ ಕರಗುತ್ತದೆ. ಅಷ್ಟಾದರೂ ಖಾಲಿ ಸೀಟು ಇರಬೇಕಲ್ಲ!

ಇಲ್ಲೇ ಪರದೆಯ ಪ್ರಶ್ನೆ ಮತ್ತೆ ಬರುತ್ತದೆ. ಕಾರ್ಟಿಂಗ್‌ನಿಂದ ಎಫ್2ವರೆಗೆ ಯುವ ಚಾಲಕನನ್ನು ಸಾಕುವುದು ಪ್ರಾಯೋಜಕರು. ಪ್ರಾಯೋಜಕರು ದುಡ್ಡು ಹಾಕುವುದು ತಮ್ಮ ಹೆಸರು ಜನರ ಕಣ್ಣಿಗೆ ಬೀಳಲಿ ಎಂದು. ಕೆಳಗಿನ ಹಂತದ ರೇಸ್‌ಗಳನ್ನು ಯಾರೂ ನೋಡದಿದ್ದರೆ ಪ್ರಾಯೋಜಕರೂ ಇಲ್ಲ. ಪ್ರಾಯೋಜಕರಿಲ್ಲದಿದ್ದರೆ ಶ್ರೀಮಂತರ ಮಕ್ಕಳು ಮಾತ್ರ ಮೇಲೆ ಹೋಗುತ್ತಾರೆ. ಆಗ ಅಭಿಮಾನಿ 'ಇದು ಶ್ರೀಮಂತರ ಆಟ' ಎಂದು ಚಾನೆಲ್ ಬದಲಿಸುತ್ತಾನೆ. ಇದೊಂದು ಮುಗಿಯದ ಚಕ್ರ.

ಮಾತು 7: 'ಇದು ಆಟವೇ ಅಲ್ಲ, ಬರೀ ಶೋ'

ಸಾಮಾನ್ಯ ಅಭಿಮಾನಿ ಹೀಗೆ ಹೇಳಿದರೆ ನಕ್ಕು ಬಿಡಬಹುದು. ಸರ್ಕಾರವೇ ಹೇಳಿದರೆ? ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರ ಅಕ್ಟೋಬರ್ 30ರಂದು ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. 2011, 2012, 2013 ಮೂರೂ ವರ್ಷ ಸೆಬಾಸ್ಟಿಯನ್ ವೆಟೆಲ್ ಗೆದ್ದರು. ಆಮೇಲೆ ರೇಸ್ ನಿಂತೇ ಹೋಯಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ತೆರಿಗೆ. ಎಫ್1 ಕ್ರೀಡೆಯಲ್ಲ, ಮನೋರಂಜನೆ ಎಂದೇ ಉತ್ತರ ಪ್ರದೇಶ ಸರ್ಕಾರದ ಲೆಕ್ಕ. ಮನೋರಂಜನಾ ತೆರಿಗೆಯ ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಟಿಕೆಟ್ ಆದಾಯದ ಶೇ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ 2011ರಲ್ಲೇ ಕೋರ್ಟ್ ಸೂಚಿಸಿತ್ತು.

'ಆಟವೋ, ಶೋನೋ' ಎಂಬ ಹರಟೆಯ ಪ್ರಶ್ನೆಗೆ ಎಷ್ಟು ತೂಕ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆ ಒಂದು ಪದದ ಮೇಲೆ ತೆರಿಗೆ, ಕಸ್ಟಮ್ಸ್, ಕೊನೆಗೆ ರೇಸ್‌ನ ಅಳಿವು ಉಳಿವು ನಿಂತಿತ್ತು.

ಚೆನ್ನೈನಲ್ಲಿ ಈ ಚರ್ಚೆ ಸೌಕಾರ್‌ಪೇಟೆಯ ಬಾಗಿಲಿಗೇ ಬಂತು. ಇಲ್ಲಿಂದ ಕೆಲವೇ ಕಿ.ಮೀ ದೂರದ ಐಲ್ಯಾಂಡ್ ಗ್ರೌಂಡ್ಸ್ ಸುತ್ತ, ನೇಪಿಯರ್ ಸೇತುವೆ, ಶಿವಾನಂದ ಸಾಲೈ ಹಾದುಹೋಗುವ ಸುಮಾರು 3.5 ಕಿ.ಮೀ ರಸ್ತೆಯಲ್ಲಿ ರಾತ್ರಿ ರೇಸ್ ನಡೆಸಲು ತಮಿಳುನಾಡು ಸರ್ಕಾರ ಮುಂದಾಯಿತು. 2023ರ ಡಿಸೆಂಬರ್‌ಗೆ ನಿಗದಿಯಾಗಿದ್ದ ಅದು ಮಿಚಾಂಗ್ ಚಂಡಮಾರುತದಿಂದ ಮುಂದೂಡಿತು. ಸಾರ್ವಜನಿಕರ ಹಣ, ಆಸ್ಪತ್ರೆ ಬಳಿಯ ಸದ್ದು, ಸಂಚಾರದ ತೊಂದರೆ ಕುರಿತ ಅರ್ಜಿಗಳು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದವು. ಕೋರ್ಟ್ ಷರತ್ತುಗಳೊಂದಿಗೆ ಅನುಮತಿ ನೀಡಿತು. ಕೊನೆಗೆ 2024ರ ಆಗಸ್ಟ್ 31, ಸೆಪ್ಟೆಂಬರ್ 1ರಂದು ದೀಪಗಳ ಬೆಳಕಿನಲ್ಲಿ ಫಾರ್ಮುಲಾ 4 ಕಾರುಗಳು ಚೆನ್ನೈ ರಸ್ತೆಯಲ್ಲಿ ಓಡಿದವು.

ಶೋ ಮತ್ತು ರೇಸ್ ಹತ್ತಿರ ಆಗುತ್ತಿರುವುದಕ್ಕೆ ಇನ್ನೂ ಸಾಕ್ಷಿ ಇವೆ. ಬಿಗ್ ಬಾಸ್ ಕನ್ನಡವನ್ನು 2013ರಿಂದ ನಿರೂಪಿಸುತ್ತಿರುವ ಕಿಚ್ಚ ಸುದೀಪ್, 2025ರಲ್ಲಿ ಇಂಡಿಯನ್ ರೇಸಿಂಗ್ ಫೆಸ್ಟಿವಲ್‌ನ ಬೆಂಗಳೂರು ತಂಡದ ಮಾಲೀಕರಾದರು. ನಾಗ ಚೈತನ್ಯ, ಜಾನ್ ಅಬ್ರಹಾಂ, ಸೌರವ್ ಗಂಗೂಲಿ ಕೂಡ ಈ ಸ್ಪರ್ಧೆಯ ತಂಡಗಳ ಮಾಲೀಕರ ಸಾಲಿನಲ್ಲಿದ್ದಾರೆ. ತಮಿಳು ನಟ ಅಜಿತ್ ಕುಮಾರ್ ಅವರದು ಬೇರೆ ದಾರಿ. ಅವರು ಸ್ವತಃ ಸ್ಟೇರಿಂಗ್ ಹಿಡಿಯುತ್ತಾರೆ. 2025ರ ಜನವರಿಯಲ್ಲಿ ಅವರ ತಂಡ ದುಬೈನ 24 ಗಂಟೆಗಳ ರೇಸ್‌ನಲ್ಲಿ ತನ್ನ ವಿಭಾಗದಲ್ಲಿ ಮೂರನೇ ಸ್ಥಾನ ಪಡೆಯಿತು. ತಾರೆಯರು ಬಂದರೆ ಕ್ಯಾಮೆರಾ ಬರುತ್ತದೆ, ಕ್ಯಾಮೆರಾ ಬಂದರೆ ಪ್ರಾಯೋಜಕರು ಬರುತ್ತಾರೆ. ಅದರಿಂದ ಲಾಭವೇ ಹೆಚ್ಚು.

ಆದರೆ ಒಂದು ಗೆರೆ ಇದೆ. ಶೋನಲ್ಲಿ ಎಲಿಮಿನೇಟ್ ಆದವರು ಮನೆಗೆ ಬರುತ್ತಾರೆ. 2023ರ ಆಗಸ್ಟ್ 5ರಂದು ಇರುಂಗಟ್ಟುಕೊಟ್ಟೈ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಬೈಕ್ ರೇಸಿಂಗ್ ಚಾಂಪಿಯನ್‌ಶಿಪ್ ವೇಳೆ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಸವಾರನೊಬ್ಬ ಬಿದ್ದು ಪ್ರಾಣ ಕಳೆದುಕೊಂಡ. ಉಳಿದ ರೇಸ್‌ಗಳನ್ನು ರದ್ದು ಮಾಡಲಾಯಿತು. ಮಕ್ಕಳ ವಯೋಮಿತಿ, ಸುರಕ್ಷತೆ ಬಗ್ಗೆ ಪ್ರಶ್ನೆಗಳು ಎದ್ದವು. ಆ ಹುಡುಗ ಅದೇ ವರ್ಷ ಗೆದ್ದಿದ್ದ ರೇಸ್‌ಗಳ ಸುದ್ದಿ ಎಷ್ಟು ಜನರಿಗೆ ಗೊತ್ತಿತ್ತು? ಹೆಚ್ಚಿನವರು ಅವನ ಹೆಸರು ಮೊದಲು ಕೇಳಿದ್ದೇ ಸಾವಿನ ಸುದ್ದಿಯಲ್ಲಿ. 'ಬರೀ ಶೋ' ಎನ್ನುವ ಮುಂಚೆ ಇದು ನೆನಪಿರಬೇಕು.

ಹಾಗಾದರೆ ಅಭಿಮಾನಿ ಏನು ಮಾಡಬೇಕು?

ಅಭಿಪ್ರಾಯ ಹೇಳುವುದನ್ನು ನಿಲ್ಲಿಸಬೇಕಿಲ್ಲ. ಅದಿಲ್ಲದೆ ರೇಸ್‌ಗೂ ರುಚಿ ಇಲ್ಲ, ಸೀರಿಯಲ್‌ಗೂ ರುಚಿ ಇಲ್ಲ. ಒಂದು ಪ್ರಶ್ನೆ ಸೇರಿಸಿಕೊಂಡರೆ ಸಾಕು: ಪರದೆ ಇದನ್ನು ತೋರಿಸುವಾಗ ಏನನ್ನು ಬಿಟ್ಟಿತು? ಸೀರಿಯಲ್ ನೋಡುವ ಅಮ್ಮನಿಗೆ 'ಇದು ಎಡಿಟಿಂಗ್' ಎಂದು ಹೇಳುವ ಜಾಣ ಮಗ, ತನ್ನ ರೇಸ್ ನೋಡುವಾಗಲೂ ಅದೇ ಜಾಣತನ ತೋರಿಸಬೇಕು.

ಸಾಧ್ಯವಾದರೆ ಒಮ್ಮೆ ಟ್ರ್ಯಾಕ್‌ಗೆ ಹೋಗಿ ಬರುವುದು ಒಳ್ಳೆಯದು. ದಾರಿ ಕೂಡ ಸುಲಭ. ಚೆನ್ನೈನಿಂದ ಬೆಂಗಳೂರು ಹೆದ್ದಾರಿ ಹಿಡಿದರೆ ಪೂನಮಲ್ಲಿ ದಾಟಿದ ಮೇಲೆ ಚೆಂಬರಂಬಾಕ್ಕಂ ಹತ್ತಿರ ಇವಿಪಿ ಫಿಲ್ಮ್ ಸಿಟಿ ಸಿಗುತ್ತದೆ. ತಮಿಳು ಬಿಗ್ ಬಾಸ್ ಮನೆ ಇದ್ದಿದ್ದು ಅಲ್ಲೇ. ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಇರುಂಗಟ್ಟುಕೊಟ್ಟೈ. ಬೆಂಗಳೂರಿನಿಂದ ಬರುವವರಿಗಂತೂ ಮೊದಲು ಸಿಗುವುದು ರೇಸ್ ಟ್ರ್ಯಾಕೇ, ಬಿಗ್ ಬಾಸ್ ಮನೆ ಆಮೇಲೆ.

ಅಲ್ಲಿ ಬೇಲಿ ಪಕ್ಕ ನಿಂತಾಗ ಟಿವಿ ಕೊಡದ ಎರಡು ಸಂಗತಿ ಸಿಗುತ್ತವೆ. ಒಂದು, ಎದೆಗೆ ಬಡಿಯುವ ಎಂಜಿನ್ ಸದ್ದು. ಇನ್ನೊಂದು, ಯಾವ ಕಾರನ್ನು ನೋಡಬೇಕು ಎಂದು ನೀವೇ ಆರಿಸುವ ಅವಕಾಶ. ಹತ್ತನೇ ಸ್ಥಾನದಲ್ಲಿ ಹೋರಾಡುತ್ತಿರುವ, ಹೆಸರೇ ಕೇಳಿರದ ಹುಡುಗನನ್ನು ಬೇಕಾದರೆ ಕೊನೆಯ ಸುತ್ತಿನವರೆಗೂ ನೋಡಬಹುದು.